ಎಂಟು ತಾಸು ನಿದ್ದೆ ಮಾಡಿ ಎಂದವರಿಗೆ

ಮಾನ್ಯ ಸಂಪನ್ಮೂಲ ವ್ಯಕ್ತಿಗಳೇ,

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆ ಎರಡೇ ದಿನದಲ್ಲಿ ಓಡಾಡಿ, ಡಿಗ್ರಿ ಮೊದಲ ವರ್ಷದ ಮಕ್ಕಳ ಒತ್ತಡವನ್ನೆಲ್ಲ ನಿರ್ವಹಿಸಿಕೊಟ್ಟು ಹೋದಿರಿ. ಆ ನಾಲ್ಕು ಕಾರ್ಯಾಗಾರಗಳಲ್ಲಿ ಒಂದಕ್ಕೆ ಬ್ಯಾನರ್ ಕಟ್ಟಿ, ಮೈಕ್ ಟೆಸ್ಟ್ ಮಾಡಿ, ಶಾಲು-ಹಾರ ತಂದಿಟ್ಟ ಅತಿಥಿ ಉಪನ್ಯಾಸಕ ನಾನು. ಉಳಿದ ಮೂರು ಕಡೆಯ ವರದಿ ನಮ್ಮಂಥ ಅತಿಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಿಕ್ಕಿತು. ನಿಮ್ಮ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ‘ಸಲಹೆಗಳಿದ್ದರೆ’ ಎಂಬಲ್ಲಿ ಎರಡೇ ಗೆರೆ ಬಿಟ್ಟಿದ್ದೀರಿ. ನನ್ನ ಅಕ್ಷರ ದಪ್ಪ. ಅದಕ್ಕೇ ಈ ಬಹಿರಂಗ ಪತ್ರ.

ಮೊದಲು ಮೆಚ್ಚುಗೆ. ಮಕ್ಕಳು ನಿಮ್ಮನ್ನು ಎಷ್ಟು ಶ್ರದ್ಧೆಯಿಂದ ಕೇಳಿದರೆಂದರೆ, ‘ಮನಸ್ಸನ್ನು ಹಗುರ ಮಾಡಿಕೊಳ್ಳಿ’ ಎಂಬ ಇಂಗ್ಲಿಷ್ ಸ್ಲೈಡನ್ನು ಸ್ಪೆಲ್ಲಿಂಗ್ ತಪ್ಪದಂತೆ ನೋಟ್ಸಿಗೆ ಇಳಿಸಿಕೊಳ್ಳಲು ಹಣೆಯ ಬೆವರು ಒರೆಸಿಕೊಂಡರು. ನೀವು ಚಹಾಕ್ಕೆ ಎದ್ದ ಕೂಡಲೇ ನಾಲ್ಕೈದು ಜನ ನನ್ನ ಬಳಿ ಬಂದು, ‘ಇದು ಇಂಟರ್ನಲ್‌ಗೆ ಬರ್ತದೇನ್ರೀ ಸರ?’ ಎಂದು ಕೇಳಿದರು. ಬರುವುದಿಲ್ಲ ಎಂದೆ. ಅಷ್ಟೂ ಹೊತ್ತಿನಲ್ಲಿ ಅವರ ಒತ್ತಡ ನಿಜವಾಗಿ ಇಳಿದದ್ದು ಆಗಲೇ.

ಇಂಡಿಯಲ್ಲಿ ಬೆಳಿಗ್ಗೆ ಎದ್ದು ಲಿಂಬೆರಸ ಕುಡಿಯಬೇಕೆಂದು ಹೇಳಿದಿರಂತೆ. 2023ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಲಿಂಬೆಯ ಊರಿನಲ್ಲಿ ನಿಂತು ಆ ಮಾತು ಹೇಳಲು ಧೈರ್ಯ ಬೇಕು. ಎದುರಿಗಿದ್ದವರಲ್ಲಿ ಎಷ್ಟೋ ಮಕ್ಕಳು ಲಿಂಬೆಯ ದರ ಬಿದ್ದ ವರ್ಷ ಫೀಸು ಕಟ್ಟಲು ಒದ್ದಾಡಿದವರು. ಬಸವನ ಬಾಗೇವಾಡಿಯಲ್ಲಿ ಬಸವಣ್ಣನವರು ಹುಟ್ಟಿದ ಊರೆಂದು ನೆನಪಿಸಿ, ಕಾಯಕದ ಮಹಿಮೆಯನ್ನು ಕಾಲೇಜು ಬಿಟ್ಟೊಡನೆ ಬಟ್ಟೆ ಅಂಗಡಿಯ ಗಲ್ಲೆಗೆ ಓಡುವ ಹುಡುಗರಿಗೆ ವಿವರಿಸಿದಿರಂತೆ.

ಮುದ್ದೇಬಿಹಾಳದಲ್ಲಿ ವೃತ್ತಕ್ಕೆ ಬಣ್ಣ ತುಂಬಿಸಿದ ಚಟುವಟಿಕೆಯನ್ನು ಮಾತ್ರ ನಾನು ಕಣ್ಣಾರೆ ನೋಡಿದೆ. ದಿನವನ್ನು 24 ಭಾಗ ಮಾಡಿದ ಚಿತ್ರ, ಬೆಂಚಿಗೊಂದು ಸ್ಕೆಚ್ ಪೆನ್ನಿನ ಸೆಟ್ಟು. ನಿದ್ದೆಗೆ ನೀಲಿ, ಅದು ಎಂಟು ಮನೆ ತುಂಬಲೇಬೇಕು. ಓದಿಗೆ ಹಸಿರು, ಕಾಲೇಜಿಗೆ ಕೆಂಪು, ಹವ್ಯಾಸಕ್ಕೆ ಹಳದಿ. ಕೇಸರಿ ಬಣ್ಣ ‘ಕುಟುಂಬದೊಂದಿಗೆ ಗುಣಮಟ್ಟದ ಸಮಯ’ಕ್ಕೆ. ನಾಲತವಾಡದ ಆಚೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು, ‘ಬಸ್ಸಿನ್ಯಾಗ ನಿಂತು ಬರೂದು ಯಾವ ಬಣ್ಣರೀ ಸರ?’ ಎಂದಳು. ಪ್ರಯಾಣದ ಸಮಯವನ್ನು ಓದಿಗೆ ಬಳಸಿಕೊಳ್ಳಬೇಕು, ಹಸಿರು ಹಚ್ಚಮ್ಮ ಎಂದಿರಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಪಾಸಿನ ಚಿಂತೆ ಇಲ್ಲದೆ ನಮ್ಮ ಹುಡುಗಿಯರು ಕಾಲೇಜಿಗೆ ಬರುತ್ತಿದ್ದಾರೆ. ಅದು ಸಣ್ಣ ಮಾತಲ್ಲ. ಆದರೆ ಮುಂಜಾನೆಯ ಬಸ್ಸಿನಲ್ಲಿ ಒಂದು ಕೈಗೆ ಕಂಬಿ, ಇನ್ನೊಂದು ಕೈಗೆ ಬುತ್ತಿ ಚೀಲ. ಪುಸ್ತಕಕ್ಕೆ ಮೂರನೆಯ ಕೈ ಬೇಕಾಗುತ್ತದೆ.

ನೀವು ಹೇಳಿದ ಹಾಗೆ ಆಕೆ ಹಸಿರು ಹಚ್ಚಿದಳು. ಆಮೇಲೆ ಪೆನ್ನು ಕಚ್ಚುತ್ತ ಕೂತಳು. ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವುದು, ನೀರು ತುಂಬುವುದು, ದನದ ಕೆಲಸ, ಸಂಜೆ ಮತ್ತೆ ಒಲೆ. ಇವಕ್ಕೆ ನಿಮ್ಮ ಸೆಟ್ಟಿನಲ್ಲಿ ಬಣ್ಣವೇ ಇರಲಿಲ್ಲ. ಯೋಚಿಸಿ ಎಲ್ಲಕ್ಕೂ ಹಳದಿ ಹಚ್ಚಿಬಿಟ್ಟಳು. ನೀವು ಆ ಹಾಳೆಯನ್ನು ಎತ್ತಿ ಹಿಡಿದು, ‘ನೋಡಿ, ಈ ವಿದ್ಯಾರ್ಥಿನಿ ಹವ್ಯಾಸಗಳಿಗೆ ಎಷ್ಟು ಸಮಯ ಕೊಟ್ಟಿದ್ದಾಳೆ!’ ಎಂದು ಚಪ್ಪಾಳೆ ಹೊಡೆಸಿದಿರಿ. ಆ ಕ್ಷಣದ ಫೋಟೊ ಕಾಲೇಜಿನ ನ್ಯಾಕ್ ಮಾನ್ಯತೆಯ ಕಡತದಲ್ಲಿ ಭದ್ರವಾಗಿದೆ. ಪಕ್ಕದ ಸಾಲಿನ ತಾಂಡಾದ ಹುಡುಗನ ಕೇಸರಿ ಮನೆಗಳು ಖಾಲಿ ಉಳಿದವು. ಅವನ ಅಪ್ಪ-ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದಾರೆ. ಸಮಯದ ಗುಣಮಟ್ಟ ಪರೀಕ್ಷಿಸಲು ಮೊದಲು ಅವರು ಊರಿಗೆ ಬರಬೇಕು.

‘ಬದಲಾವಣೆಗೆ ಹೊಂದಿಕೊಳ್ಳುವುದನ್ನು ಕಲಿಯಿರಿ’ ಎಂದು ಪದೇಪದೇ ಹೇಳಿದಿರಿ. ಸ್ವಾಮಿ, ಆ ವಿದ್ಯೆಯಲ್ಲಿ ನಮ್ಮವರಿಗೆ ಪಿಎಚ್‌ಡಿಯೇ ಆಗಿದೆ. ಈ ಭಾಗದ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2003ರಲ್ಲಿ ವಿಜಯಪುರದಲ್ಲೇ ಮಹಿಳಾ ವಿಶ್ವವಿದ್ಯಾಲಯ ಬಂತು, ಅದಕ್ಕೆ ಆಮೇಲೆ ಅಕ್ಕಮಹಾದೇವಿಯ ಹೆಸರಾಯಿತು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಹೀಗಾಗಿ ಒಂದೇ ಮನೆಯಲ್ಲಿ ಅಣ್ಣ ಬೆಳಗಾವಿಯವನು, ಮಹಿಳಾ ಕಾಲೇಜು ಸೇರಿದ ತಂಗಿ ತೊರವಿಯ ಮಹಿಳಾ ವಿಶ್ವವಿದ್ಯಾಲಯದವಳು. ಇಬ್ಬರ ಪರೀಕ್ಷೆ ಒಂದೇ ವಾರ ಬಂದರೆ ಮನೆಯವರು ದೇವರಿಗೆ ಕಾಯಿ ಒಡೆಯುತ್ತಾರೆ.

ಸಿಲಬಸ್ಸಿನ ಕಥೆ ಇನ್ನೂ ಚೆಂದ. 2021-22ರಲ್ಲಿ ದೇಶದಲ್ಲೇ ಮೊದಲು ಎಂಬ ಹೆಮ್ಮೆಯಿಂದ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ತಂದೆವು. 2024-25ಕ್ಕೆ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ನೀತಿ ಯಾವುದು ಒಳ್ಳೆಯದು ಎಂಬ ಜಗಳ ಬಲ್ಲವರು ಮಾಡಲಿ. ನನಗೆ ಕಂಡದ್ದು ಇಷ್ಟು: ಅಕ್ಕನ ಪುಸ್ತಕ ತಂಗಿಗೆ ಬರುವುದಿಲ್ಲ. ನಮ್ಮ ಕಡೆ ಪುಸ್ತಕ ಕೊಳ್ಳುವುದು ಮನೆಗೆ ಒಮ್ಮೆ. ಆ ನಾಲ್ಕು ವರ್ಷದ ಪದ್ಧತಿಯಲ್ಲಿ ಯೋಗಕ್ಕೂ ಕ್ರೆಡಿಟ್ ಇತ್ತು. ಮನಸ್ಸು ಶಾಂತ ಮಾಡಿಕೊಳ್ಳುವುದರಲ್ಲೂ ಒಬ್ಬ ಹುಡುಗ ‘ಬ್ಯಾಕ್’ ಉಳಿಸಿಕೊಳ್ಳಬಹುದಾದ ವ್ಯವಸ್ಥೆ ಅದು, ಯಾರ ಬುದ್ಧಿಯೋ ಕಾಣೆ.

ಇನ್ನು ‘ಇತರರೊಂದಿಗೆ ಹೋಲಿಸಿಕೊಳ್ಳಬೇಡಿ’ ಎಂಬ ಸ್ಲೈಡು. ಸಿಂದಗಿಯಲ್ಲಿ ಅದಕ್ಕೆ ಹಿಂದಿನ ಬೆಂಚಿನಿಂದ ನಗು ಬಂತಂತೆ, ನೀವು ಜೋಕ್ ಅರ್ಥವಾಯಿತೆಂದು ಖುಷಿಪಟ್ಟಿರಂತೆ. ನಕ್ಕ ಕಾರಣ ಹೇಳುತ್ತೇನೆ. ನಮ್ಮ ಬಸ್ಸಿನ ಮೈಮೇಲೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂದು ಬರೆದಿರುತ್ತದೆ. ಆದರೆ ಸಂವಿಧಾನದ 371ಜೆ ಕಲಂ ಕಲ್ಯಾಣ ಕರ್ನಾಟಕಕ್ಕೆ ಕೊಡುವ ಸೀಟು, ನೌಕರಿಯ ಮೀಸಲಾತಿಯೊಳಗೆ ವಿಜಯಪುರ ಜಿಲ್ಲೆ ಇಲ್ಲ. ಭೀಮೆಯ ಆಚೆ ದಂಡೆಯ ಅಫಜಲಪುರದವನಿಗೆ ಉಂಟು, ಈಚೆಯ ಸಿಂದಗಿಯವನಿಗೆ ಇಲ್ಲ. ಬಸ್ಸು ಹತ್ತುವವರೆಗೆ ಕಲ್ಯಾಣ, ಅರ್ಜಿ ತುಂಬುವಾಗ ಬೇರೆ. ಹೋಲಿಸಿಕೊಳ್ಳಬಾರದು, ನಿಜ.

ಒತ್ತಡ ಹುಟ್ಟುವ ಜಾಗ ಒಂದು, ನೀವು ಮುಲಾಮು ಹಚ್ಚುವ ಜಾಗ ಇನ್ನೊಂದು. ಫಲಿತಾಂಶ ತಡವಾದರೆ, ಸ್ಕಾಲರ್‌ಶಿಪ್ಪಿನ ಅರ್ಜಿ ಪೋರ್ಟಲ್ಲಿನಲ್ಲಿ ತಿರುಗುತ್ತಲೇ ಇದ್ದರೆ, ತೊಗರಿ ರಾಶಿ ಮತ್ತು ಸೆಮಿಸ್ಟರ್ ಪರೀಕ್ಷೆ ಒಂದೇ ತಿಂಗಳಿಗೆ ಬಂದರೆ ನೀವು ಕಲಿಸಿದಂತೆ ಮೂಗಿನ ಹೊಳ್ಳೆ ಬದಲಿಸಿ ಉಸಿರಾಡಬೇಕಾದವನು ಹುಡುಗ ಮಾತ್ರ. ನಿಮ್ಮ ಪ್ರಾಣಾಯಾಮವನ್ನು ಒಮ್ಮೆ ಪರೀಕ್ಷಾ ವಿಭಾಗದ ಕೌಂಟರಿನ ಒಳಬದಿಯಲ್ಲಿ ಮಾಡಿಸಿ ನೋಡೋಣ.

ಇಷ್ಟು ಹೇಳಿದ್ದಕ್ಕೆ ನಮ್ಮ ಮಕ್ಕಳಿಗೆ ಮನಸ್ಸಿನ ಕಾಯಿಲೆ ಬರುವುದೇ ಇಲ್ಲ, ಎಲ್ಲ ಬಸ್ಸಿನ ತಪ್ಪು ಎಂದು ತಿಳಿಯಬೇಡಿ. ಬರುತ್ತದೆ. ವಾರಗಟ್ಟಲೆ ನಿದ್ದೆ ಬಾರದವರು, ಊಟ ಬಿಟ್ಟವರು, ಕ್ಲಾಸಿಗೆ ಬಂದೂ ಬಾರದಂತೆ ಕೂರುವವರು ಇದ್ದಾರೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ತರಬೇತಾದ ಆಪ್ತಸಮಾಲೋಚಕರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಸದ್ಯ ಆ ಕುರ್ಚಿಯಲ್ಲಿ ನಾನು ಕೂತಿದ್ದೇನೆ. ನಾನು ಓದಿದ್ದು ಅರ್ಥಶಾಸ್ತ್ರ. ಮೆಂಟರ್ ಪುಸ್ತಕದಲ್ಲಿ ‘ಸಮಸ್ಯೆ’ಯ ಕಾಲಮಿನಲ್ಲಿ ಬರೆದದ್ದು ಬೇರೆಬೇರೆ, ‘ಪರಿಹಾರ’ದ ಕಾಲಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಸಲಹೆ ನೀಡಲಾಯಿತು’.

ನಿಮ್ಮ ಕೊನೆಯ ಸ್ಲೈಡಿನಲ್ಲಿ 14416 ಎಂಬ ನಂಬರ್ ಇತ್ತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು-ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅರ್ಧ ತಾಸು ಅದರ ಮೇಲೆ ನಿಲ್ಲಬೇಕಿತ್ತು. ಅಷ್ಟರಲ್ಲಿ ಚಹಾ ಬಂತು. ಫೋನು ಮನೆಗೊಂದೇ ಇದ್ದು ಅದು ಅಪ್ಪನ ಜೇಬಿನಲ್ಲಿದ್ದರೆ ಆ ನಂಬರಿಗೆ ಎಲ್ಲಿಂದ ಮಾತಾಡಬೇಕು? ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ, ಆ ಸಾಲಿನಲ್ಲಿ ಓಣಿಯ ಕಾಕಾ ಎದುರಾದರೆ ಏನೆಂದು ಹೇಳಬೇಕು? ‘ಹುಚ್ಚರ ಡಾಕ್ಟರ್ ಕಡೆ ಯಾಕ?’ ಎಂದು ಅವ್ವ ಕೇಳಿದರೆ ಉತ್ತರವೇನು? ಮುಂದಿನ ಸಲ ಲಿಂಬೆರಸ ಬಿಟ್ಟು ಇದನ್ನು ಹೇಳಿ. ಬ್ಯಾನರ್ ನಾನೇ ಕಟ್ಟುತ್ತೇನೆ.

ಕೊನೆಗೆ ನಿಮ್ಮ ಗೌರವಧನದ ವಿಷಯ. ವೋಚರ್ ವಾಪಸ್ ಬಂದಿದೆ. ಪಾನ್ ಕಾರ್ಡ್ ಝೆರಾಕ್ಸಿನ ಮೇಲೆ ಸಹಿ ಇಲ್ಲವಂತೆ, ಪಾಸ್‌ಬುಕ್ಕಿನ ಮೊದಲ ಪುಟ ಮಸುಕಾಗಿದೆಯಂತೆ, ಹೆಸರಿನ ಇನಿಷಿಯಲ್ ಆಧಾರಿನಲ್ಲಿ ಮುಂದೆ, ಬ್ಯಾಂಕಿನಲ್ಲಿ ಹಿಂದೆ ಇದೆಯಂತೆ. ಮೂರನ್ನೂ ಸರಿಪಡಿಸಿ ತಾವೇ ಖುದ್ದಾಗಿ ಬರಬೇಕು. ಕ್ಲರ್ಕ್ ಸಾಹೇಬರು ಮಧ್ಯಾಹ್ನ ಎರಡರಿಂದ ಮೂರರವರೆಗೆ ಸಿಗುತ್ತಾರೆ, ಗುರುವಾರ ಬಿಟ್ಟು. ಮೀಟಿಂಗ್ ಇದ್ದರೆ ಅದೂ ಇಲ್ಲ.

ಇಂತಿ ನಿಮ್ಮ
ಅರ್ಥಶಾಸ್ತ್ರದ ಆಪ್ತಸಮಾಲೋಚಕ