ಕೂಸು ಹುಟ್ಟುವ ಮುನ್ನ

ನಮ್ಮ ಕಡೆ ಮದುವೆಯಿರಲಿ, ಉಪನಯನವಿರಲಿ, ಊಟದ ಎಲೆ ಎತ್ತಿದ್ದೇ ಗಂಡಸರು ಕವಳದ ಬಟ್ಟಲು ಎಳೆದುಕೊಂಡು ಇಸ್ಪೀಟಿನ ಕಂಬಳಿಯ ಕಡೆ ಸರಿಯುತ್ತಾರೆ, ಹೆಂಗಸರು ಹಿತ್ತಿಲ ಕಡೆ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಆ ಮನೆಯ ಗಿಡಗಳನ್ನೆಲ್ಲ ಒಂದು ಸುತ್ತು ನೋಡಿ ಬರದಿದ್ದರೆ ಉಂಡದ್ದು ಕರಗುವುದಿಲ್ಲ. ವ್ಯಾನಿಟಿ ಬ್ಯಾಗಿನ ಒಳಜೇಬಿನಲ್ಲಿ ನಾಲ್ಕಾಗಿ ಮಡಚಿಟ್ಟ ಪ್ಲಾಸ್ಟಿಕ್ ಕೊಟ್ಟೆ ಇಲ್ಲದ ಹೆಂಗಸು ಸಾಗರ ತಾಲೂಕಿನಲ್ಲಿ ಸಿಗುವುದು ಕಷ್ಟ. “ಇದೆಂತ ಬಣ್ಣವೇ ಮಾರಾಯ್ತಿ! ಒಂದು ಕಡ್ಡಿ ಕೊಡೇ” ಎನ್ನುವಷ್ಟರಲ್ಲಿ ದಾಸವಾಳದ ಗೆಲ್ಲು ಚಟ್ಟನೆ ಮುರಿದು ಕೊಟ್ಟೆ ಸೇರಿರುತ್ತದೆ. ಕ್ರೋಟನ್, ಗುಲಾಬಿ, ಬಿಗೋನಿಯಾ, ಡೇಲಿಯಾ ಗಡ್ಡೆ, ಆಂಥೂರಿಯಂ ಬುಡದ ಹಿಳ್ಳು, ಎಲ್ಲವೂ ಹೀಗೆಯೇ ನಂಟರಿಂದ ನಂಟರಿಗೆ ಹಬ್ಬಿದವು. ಕೇಳಿ ತಂದದ್ದಕ್ಕಿಂತ ಕೇಳದೇ ತಂದದ್ದು ಬೇಗ ಬೇರು ಬಿಡುತ್ತದೆ ಎಂಬ ನಂಬಿಕೆಯೂ ಇದೆ. ಅದನ್ನು ಹುಟ್ಟುಹಾಕಿದವರು ಎಂಥವರಿರಬಹುದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಈ ಸುಗಮ ವ್ಯವಹಾರಕ್ಕೆ ಕಲ್ಲು ಹಾಕಿದ್ದು ಆರ್ಕಿಡ್. ನನ್ನ ಮಗಳು ಬೆಂಗಳೂರಿನಿಂದ ಬರುವಾಗ ಒಂದು ಫೆಲನಾಪ್ಸಿಸ್ ಗಿಡವನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು ತಂದಳು. ಅಳಿಯ ಹಿಂದೆ ಕೂತಿದ್ದ. ನಾಲ್ಕು ದಪ್ಪ ಎಲೆ, ಎಲೆಯ ಸಂದಿಯಿಂದ ಬಿಲ್ಲಿನಂತೆ ಬಾಗಿದ ಒಂದು ಹೂದಂಟು, ಅದರ ತುಂಬ ನೇರಳೆ ಗೆರೆಯ ಬಿಳಿ ಹೂಗಳು. ಇಂದು ಅರಳಿ ನಾಳೆ ಉದುರುವ ಹೂವಾಗಿದ್ದರೆ ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತೋ ಏನೋ. ಇದರ ಹೂ ಎರಡು ಮೂರು ತಿಂಗಳು ಹಾಗೆಯೇ ನಿಲ್ಲುತ್ತದೆ. ಅಷ್ಟರೊಳಗೆ ನಮ್ಮ ಜಗಲಿಗೆ ಬಂದು ಹೋಗದವರು ಯಾರು? ಬಂದವರ ಕೈ ವ್ಯಾನಿಟಿ ಬ್ಯಾಗಿಗೆ ಹೋಗುತ್ತಿತ್ತು. ಆದರೆ ಮುರಿಯುವುದು ಎಲ್ಲಿಂದ? ಗೆಲ್ಲಿಲ್ಲ, ಗಡ್ಡೆಯಿಲ್ಲ, ಬುಡದಲ್ಲಿ ಹಿಳ್ಳಿಲ್ಲ. ಇರುವುದೊಂದೇ ನೆತ್ತಿ, ಅದನ್ನು ಕತ್ತರಿಸಿದರೆ ಕೊಟ್ಟವಳಿಗೂ ಇಲ್ಲ, ತಗೊಂಡವಳಿಗೂ ಇಲ್ಲ. ಎಲೆ ಕಿತ್ತು ಊರಿದರೆ ಅದು ಕೊಳೆಯುತ್ತದೆ, ಅಷ್ಟೇ. ಹೂ ಮುಗಿದ ಮೇಲೆ ಅದೇ ದಂಟಿನ ಗಿಣ್ಣಿನಲ್ಲಿ ಮರಿ ಬರುವುದುಂಟು ಎಂದು ಮಗಳು ಹೇಳಿದ್ದು ಆಚೆಮನೆ ಅತ್ತಿಗೆಯ ಕಿವಿಗೆ ಬಿತ್ತು.

“ಹಂಗಾರೆ ಮೊದಲನೇದು ನಂಗೆ” ಎಂದರು ಅತ್ತಿಗೆ.

ಎರಡನೆಯದನ್ನು ಮೇಲಿನಮನೆ ಚಿಕ್ಕಮ್ಮ ಕಾದಿರಿಸಿದರು. ಸೊಸೈಟಿ ಸೆಕ್ರೆಟರಿಯ ಹೆಂಡತಿ ಫೋನಿನಲ್ಲೇ ಹೆಸರು ಬರೆಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೆ. ಇಲ್ಲಿ ಬಸಿರೇ ನಿಂತಿಲ್ಲ, ಕೂಸು ಆಗಲೇ ದತ್ತು ಹೋಗಿತ್ತು.

ನಮ್ಮ ಅತ್ತೆಯವರಿಗೆ ಈ ಗಿಡದ ಮೇಲೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. “ದುಡ್ಡು ಕೊಟ್ಟು ಬದನಿಕೆ ತಂದ್ರಾ?” ಎಂದು ಕೇಳಿದ್ದರು. ಬದನಿಕೆಯಾದರೆ ಮರದ ರಸ ಹೀರುತ್ತದೆ, ಆರ್ಕಿಡ್ ಮರದ ಮೇಲೆ ಕೂರುತ್ತದೆಯೇ ಹೊರತು ಮರದ ಅನ್ನ ತಿನ್ನುವುದಿಲ್ಲ, ಗಾಳಿಯ ತೇವವನ್ನೂ ತೊಗಟೆಯ ಮೇಲೆ ಇಳಿದ ಮಳೆನೀರನ್ನೂ ಕುಡಿದುಕೊಂಡು ಇರುತ್ತದೆ ಎಂದು ಮಗಳು ಪಾಠ ಮಾಡಿದಳು. “ಗೊತ್ತು ಮಾರಾಯ್ತಿ, ನಾನು ಸೀತಾಳೆ ದಂಡೆ ಮುಡಿದೇ ಮದುವೆಯಾದವಳು” ಎಂದರು ಅತ್ತೆ. ಮಳೆ ಹಿಡಿಯುವ ಹೊತ್ತಿಗೆ ಮಲೆನಾಡಿನ ಹಳೇ ಮರಗಳಿಂದ ನರಿಬಾಲದ ಹಾಗೆ ಇಳಿಬಿದ್ದು ಅರಳುವ ತಿಳಿನೇರಳೆ ಹೂಗೊಂಚಲು ಅದು. ಕಟ್ಟುವ ಕೆಲಸವೇ ಇಲ್ಲ, ಮರವೇ ದಂಡೆ ಮಾಡಿ ಕೊಡುತ್ತದೆ. ಅದನ್ನೇ ಅಸ್ಸಾಮಿನಲ್ಲಿ ಬಿಹು ಕುಣಿಯುವ ಹುಡುಗಿಯರು ಮುಡಿಯುತ್ತಾರೆ. ಅಲ್ಲಿ ಅದು ರಾಜ್ಯದ ಹೂವು. ನಮ್ಮಲ್ಲಿ ಗಾಳಿಗೆ ಮುರಿದು ಬಿದ್ದ ಟೊಂಗೆಯಲ್ಲಿ ಸೀತಾಳೆ ಇದ್ದರೆ ಟೊಂಗೆ ಸಮೇತ ತಂದು ಅಂಗಳದ ಮಾವಿನ ಮರಕ್ಕೆ ಕಟ್ಟುತ್ತಿದ್ದರು. ಮರಿ ಮಾಡಿಸುವ ಉಸಾಬರಿ ಯಾರಿಗೂ ಇರಲಿಲ್ಲ. ಈಗ ಸೀತಾಳೆಯ ಮರಗಳೇ ಕಡಿಮೆಯಾಗಿವೆ. ಕಾಡಿನದನ್ನು ಕಿತ್ತು ತರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅವರು ನೆಂಟರಾಗಿದ್ದರೂ ಸರಿ.

ಆರ್ಕಿಡ್ ಎಂದರೆ ಏನೆಂದು ತಿಳಿಯದೆಯೇ ನಾವೆಲ್ಲ ಒಮ್ಮೆ ಆರ್ಕಿಡ್ ಬೆಳೆಸಿದವರು ಎಂಬುದು ಇನ್ನೊಂದು ತಮಾಷೆ. ವೆನಿಲ್ಲಾ ಆರ್ಕಿಡ್ ಜಾತಿಯ ಬಳ್ಳಿ. 2000ನೇ ಇಸವಿಯಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ಬೆಳೆ ಹೋದ ಮೇಲೆ ನಮ್ಮ ಅಡಿಕೆ ತೋಟಗಳಿಗೆ ಆ ಬಳ್ಳಿಯ ಹುಚ್ಚು ಹಿಡಿಯಿತು. ಹಸಿ ಕೋಡಿಗೆ ಕಿಲೋ ಸಾವಿರಗಟ್ಟಲೆ, ಬಳ್ಳಿಗೆ ಮೀಟರ್ ಲೆಕ್ಕ. ರಾತ್ರಿ ಬಳ್ಳಿ ಕದಿಯುತ್ತಾರೆಂದು ತೋಟಕ್ಕೆ ದೀಪ ಹಾಕಿ, ನಾಯಿ ಕಟ್ಟಿ, ಟಾರ್ಚು ಹಿಡಿದು ತಿರುಗಿದರು. ಆಮೇಲೆ ಬೆಲೆ ಬಿದ್ದ ಸದ್ದಿಗೆ ನಾಯಿಗಳೂ ಎದ್ದುಹೋದವು. ಏನೇ ಹೇಳಿ, ವೆನಿಲ್ಲಾ ನಮ್ಮ ಹೆಂಗಸರ ಧರ್ಮಕ್ಕೆ ಒಪ್ಪುವ ಆರ್ಕಿಡ್: ತುಂಡು ಮಾಡಿ ಊರಿದರೆ ಸಾಕು, ಬದುಕುತ್ತದೆ. ಕಾಯಿ ಕಟ್ಟಿಸುವುದು ಮಾತ್ರ ಕೈಕೆಲಸ. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುವ ಹೂವಿನೊಳಗಿನ ತೆರೆಯನ್ನು ಕಡ್ಡಿಯಲ್ಲಿ ಎತ್ತಿ, ಪರಾಗವನ್ನು ಬೆರಳಲ್ಲಿ ಒತ್ತಬೇಕು. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಕಂಡುಕೊಂಡ ಉಪಾಯ ಅದು. ಅವನ ವಿದ್ಯೆಯಿಂದ ಬೇರೆಯವರು ಸಾಹುಕಾರರಾದರು.

ನಮ್ಮ ಯಜಮಾನರು ಆ ಕಾಲದಲ್ಲಿ ಊರಿನಲ್ಲೇ ಚುರುಕಾದ ವೆನಿಲ್ಲಾ ಪರಾಗದ ಕೈ ಎನಿಸಿಕೊಂಡವರು. ಬೆಲೆ ಬಿದ್ದ ಮೇಲೆ ಆ ಕೈಗೆ ಕೆಲಸವಿರಲಿಲ್ಲ. ಒಂದು ದಿನ ನಾನು ಕೊಟ್ಟಿಗೆಯಿಂದ ಬರುವಷ್ಟರಲ್ಲಿ ಹಲ್ಲುಕಡ್ಡಿ ಹಿಡಿದು ನನ್ನ ಫೆಲನಾಪ್ಸಿಸ್ ಮುಂದೆ ಕೂತಿದ್ದರು. “ಒಂದು ಮರಿಗೆ ಎಂತಕ್ಕೆ ಕಚ್ಚಾಡ್ತೀರಿ, ಬೀಜವನ್ನೇ ಮಾಡಿಸ್ತೇನೆ, ಊರಿಗೆಲ್ಲ ಹಂಚಿ” ಎಂದರು. ಪರಾಗ ಸೋಕಿದ ಆರ್ಕಿಡ್ ಹೂವಿಗೆ ಇನ್ನು ಯಾರಿಗೂ ಚಂದ ಕಾಣಬೇಕಾಗಿಲ್ಲ. ತಿಂಗಳುಗಟ್ಟಲೆ ನಿಲ್ಲಬೇಕಾದ ಹೂ ಮರುದಿನವೇ ಮುದುಡಿಕೊಂಡಿತು. ಅಂದು ರಾತ್ರಿ ನಮ್ಮನೆಯಲ್ಲಿ ಹೆಚ್ಚು ಮಾತುಕತೆ ನಡೆಯಲಿಲ್ಲ.

ಕಾಯಿ ಬಲಿಯಲು ತಿಂಗಳುಗಳೇ ಹಿಡಿದವು. ಕೊನೆಗೆ ಸೀಳಿದಾಗ ಒಳಗಿದ್ದದ್ದು ಹಳದಿ ಪುಡಿ, ಊದಿದರೆ ಹಾರುವಷ್ಟು ಹಗುರ. ಆರ್ಕಿಡ್ಡಿನ ಒಂದು ಕಾಯಿಯಲ್ಲಿ ಬೀಜ ಲಕ್ಷಗಟ್ಟಲೆ ಇರುತ್ತವೆ, ಒಂದರ ಕೈಗೂ ತಾಯಿ ಬುತ್ತಿ ಕಟ್ಟಿ ಕಳಿಸಿರುವುದಿಲ್ಲ. ಭತ್ತಕ್ಕೋ ಅವರೆಗೋ ಮೊಳೆಯುವಾಗ ತಿನ್ನಲು ಒಳಗೇ ಗಂಟಿದೆ. ಇದಕ್ಕೆ ಅದೂ ಇಲ್ಲ. ಕಾಡಿನಲ್ಲಿ ಯಾವುದೋ ಒಂದು ಶಿಲೀಂಧ್ರ ಬೀಜದೊಳಗೆ ಹೊಕ್ಕು ಉಣ್ಣಿಸಿದರೆ ಮಾತ್ರ ಮೊಳಕೆ. ಅದನ್ನು 1899ರಲ್ಲಿ ಕಂಡವರು ಫ್ರಾನ್ಸಿನ ನೋಯೆಲ್ ಬರ್ನಾರ್. ಶಿಲೀಂಧ್ರದ ಹಂಗೂ ಬೇಡ, ಸಕ್ಕರೆ ಬೆರೆಸಿದ ಅಗರ್ ಮೇಲೆ ಬಿತ್ತಿದರೂ ಮೊಳೆಯುತ್ತದೆ ಎಂದು 1922ರಲ್ಲಿ ತೋರಿಸಿದವರು ಅಮೆರಿಕದ ಲೂಯಿಸ್ ನುಡ್ಸನ್. ಯಜಮಾನರು ಅರ್ಧ ಪುಡಿಯನ್ನು ಅಡಿಕೆ ಮರದ ಪಾಚಿಗೆ ಊದಿದರು. ಏನೂ ಆಗಲಿಲ್ಲ. ಅಗರ್ ಎಂದರೆ ಹಲ್ವಕ್ಕೆ ಹಾಕುವ ಚೈನಾ ಗ್ರಾಸ್ ಎಂದೂ, ಬಾಟಲಿಗಳನ್ನು ಕುಕ್ಕರಿನಲ್ಲಿ ಬೇಯಿಸಿ ಶುದ್ಧ ಮಾಡಬಹುದೆಂದೂ ಅವರಿಗೆ ತಿಳಿದ ದಿನವೇ ಅತ್ತೆ ಕುಕ್ಕರಿನ ವೆಯ್ಟನ್ನು ದೇವರ ಗೂಡಿನಲ್ಲಿ ಇಟ್ಟು ಚಿಲಕ ಹಾಕಿದರು.

ಇಷ್ಟರಲ್ಲಿ ಕೆಳಗಿನಮನೆಯಲ್ಲಿ ಬೇರೆಯದೇ ಗೋಳು. ಅವರದು ಡೆಂಡ್ರೋಬಿಯಂ ನೋಬೈಲ್, ಗಿಣ್ಣುಗಿಣ್ಣಾಗಿ ಕಬ್ಬಿನಂಥ ಕೋಲು ಬಿಡುವ ಜಾತಿ. ಚಳಿಗಾಲದಲ್ಲಿ ಅದಕ್ಕೆ ಉಪವಾಸ ಹಾಕಬೇಕು: ನೀರು ಕಡಿಮೆ, ಗೊಬ್ಬರವಂತೂ ಬೇಡವೇ ಬೇಡ. ಆಗ ಗಿಣ್ಣಿನ ಮೊಗ್ಗು ಹೂವಾಗುತ್ತದೆ. ಅದೇ ಹೊತ್ತಿನಲ್ಲಿ ಉಪಚಾರ ಹೆಚ್ಚಾದರೆ ಆ ಮೊಗ್ಗೇ ಮನಸ್ಸು ಬದಲಿಸಿ ಮರಿಯಾಗುತ್ತದೆ. ಕೆಳಗಿನಮನೆ ಅಕ್ಕ ಯಾರನ್ನೂ ಉಪವಾಸ ಕೆಡವಿದವರಲ್ಲ. ಮಾಗಿಯಲ್ಲೂ ದಿನಾ ನೀರು, ವಾರಕ್ಕೊಮ್ಮೆ ತೆಳು ಮಾಡಿದ ಗೋಮೂತ್ರ. ಕೋಲಿನ ಉದ್ದಕ್ಕೂ ಮರಿಗಳು ಬಂದವು, ಹೂ ಮಾತ್ರ ಕಾಣಲಿಲ್ಲ. ಅವರು “ಒಂದು ಹೂವಾದರೂ ಬರಲಿ” ಎಂದು ಹರಕೆ ಹೊರುವ ಹೊತ್ತಿಗೆ ನನ್ನ ಗಿಡ ಹಳೇ ದಂಟಿನಲ್ಲೇ ಮತ್ತೊಂದು ಟಿಸಿಲು ಒಡೆದು ಹೂ ಬಿಟ್ಟಿತ್ತು. ಆಚೆಮನೆ ಅತ್ತಿಗೆ ನೋಡಿ, “ಮತ್ತೂ ಹೂವೇ?” ಎಂದು ಮುಖ ಸಣ್ಣ ಮಾಡಿದರು. ಕೆಳಗಿನಮನೆಯದರಲ್ಲಿ ಬೇಕಾದಷ್ಟು ಮರಿ ಸಿಗುತ್ತಿತ್ತಲ್ಲ ಎನ್ನಬಹುದು. ಸಿಗುತ್ತಿತ್ತು. ಆದರೆ ಸುಲಭಕ್ಕೆ ಸಿಗುವ ಗಿಡವನ್ನು ಕೇಳುವವರು ಯಾರು?

ತೋಟಗಾರಿಕೆ ಓದಿದ ನನ್ನ ತಮ್ಮನ ಮಗ ಕೊನೆಗೆ ಚಿಟಿಕೆ ಗಾತ್ರದ ಡಬ್ಬಿಯೊಂದನ್ನು ತಂದ. ಒಳಗೆ ಹಳದಿ ಮುಲಾಮು. ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಜಿಡ್ಡಿನಲ್ಲಿ ಸೈಟೋಕೈನಿನ್ ಎಂಬ ಹಾರ್ಮೋನು ಬೆರೆಸಿದ್ದು. ಮಲಗಿದ ಮೊಗ್ಗನ್ನು ಎಬ್ಬಿಸುವುದು ಅದರ ಕೆಲಸ. ದಂಟಿನ ಮೇಲ್ಭಾಗದ ಗಿಣ್ಣುಗಳು ಹೂವಿನವು, ಕೆಳಗಿನ ಗಿಣ್ಣುಗಳು ನಿದ್ದೆ ಹೊಡೆಯುವವು. ಮರಿ ಬೇಕಿದ್ದರೆ ಈ ಕೆಳಗಿನವನ್ನೇ ಹಿಡಿಯಬೇಕು ಎಂದ. ಬ್ಲೇಡನ್ನು ಗ್ಯಾಸಿನ ಉರಿಗೆ ಹಿಡಿದು ಆರಿಸಿ, ಗಿಣ್ಣನ್ನು ಸುತ್ತಿ ಕೂತ ಒಣ ಪೊರೆಯನ್ನು ಸೀಳಿ ಬಿಡಿಸಿದ. ಒಳಗೆ ಸಾಸಿವೆಗಿಂತ ಕಿರಿದಾದ ಹಸಿರು ಚುಕ್ಕಿ, ಕಾಂಡಕ್ಕೆ ಒತ್ತಿಕೊಂಡು ಕೂತಿತ್ತು. ಅದಕ್ಕೆ ಬ್ಲೇಡಿನ ಮೂಲೆಯಿಂದ ಒಂದು ಸಣ್ಣ ಗೀರು, ಮೇಲೆ ಗುಂಡುಸೂಜಿಯ ತಲೆಯಷ್ಟು ಮುಲಾಮು. ಚಿಕ್ಕಮ್ಮ ಪಕ್ಕದಿಂದ “ಇನ್ನೂ ಸ್ವಲ್ಪ ಹಚ್ಚಾ, ಜಿಪುಣತನ ಎಂತಕ್ಕೆ?” ಎಂದರು. ಜಾಸ್ತಿ ಹಚ್ಚಿದರೆ ಒಂದೇ ಕಡೆ ಗುಂಪುಗುಂಪಾಗಿ ಸೊಟ್ಟ ಮರಿಗಳು ಹುಟ್ಟುತ್ತವೆ ಎಂದು ಅವನು ಹೇಳಿದ ಮೇಲೆ ಅವರ ಆಸೆ ಇನ್ನೂ ಹೆಚ್ಚಾಯಿತು. ಗುಂಪಿದ್ದರೆ ಒಳ್ಳೆಯದಲ್ಲವೇ, ಹಂಚಲು?

ಚುಕ್ಕಿ ಉಬ್ಬಿತು, ಚೂಪಾಯಿತು. ಅದು ಹೂವಿನ ಟಿಸಿಲೋ ಮರಿಯೋ ಎಂಬ ಪ್ರಶ್ನೆಗೆ ಉತ್ತರ ಸಿಗಲು ವಾರಗಳು ಬೇಕು. ಆ ವಾರಗಳಲ್ಲಿ ನಮ್ಮ ಜಗಲಿ ಚುನಾವಣೆಯ ಮುನ್ನಾದಿನದ ಚಹಾ ಅಂಗಡಿಯಂತಾಗಿತ್ತು, ಎರಡೂ ಪಕ್ಷದವರು ಖಾತ್ರಿಯಿಂದಲೇ ಮಾತಾಡುತ್ತಿದ್ದರು. ಎದುರುಬದುರಾಗಿ ಎರಡು ಪುಟ್ಟ ಎಲೆ ಬಿಚ್ಚಿಕೊಂಡಾಗ ಅತ್ತಿಗೆ ತಮ್ಮದೇ ಗೆಲುವೆಂಬಂತೆ ಕವಳ ಹಾಕಿದರು.

ಎಲೆ ಬಂದ ಮಾತ್ರಕ್ಕೆ ಆಗಲಿಲ್ಲ, ಬೇರು ಬರಬೇಕು. ಎರಡು ಮೂರು ಇಂಚಿನ ಬೇರು ಇಳಿಯುವವರೆಗೆ ತಾಯಿಯಿಂದ ಬಿಡಿಸುವಂತಿಲ್ಲ. ಗಿಣ್ಣಿನ ಸುತ್ತ ಒದ್ದೆ ಪಾಚಿ ಕಟ್ಟಿದೆ. ಬೇರು ಬಂತು: ಮೈಯೆಲ್ಲ ಬೆಳ್ಳಿ ಬಣ್ಣ, ತುದಿ ಮಾತ್ರ ಮಿರಿಮಿರಿ ಹಸಿರು. ನೀರು ಚಿಮುಕಿಸಿದರೆ ಆ ಬೆಳ್ಳಿಮೈಯೂ ನೋಡನೋಡುತ್ತ ಹಸಿರಾಗುತ್ತದೆ, ಒಣಗಿದರೆ ಮತ್ತೆ ಬೆಳ್ಳಿ. ನೀರು ಸಾಕೋ ಬೇಕೋ ಎಂದು ಬೇರೇ ಹೇಳುತ್ತದೆ. ಅತ್ತೆಗೆ ಈ ಒಂದು ಆಟ ಇಷ್ಟವಾಯಿತು. ಬದನಿಕೆಯೆಂದು ಜರಿದವರೇ ದಿನಾ ಬೆಳಿಗ್ಗೆ ಸಂಧ್ಯಾವಂದನೆಯ ಉದ್ಧರಣೆಯಲ್ಲಿ ನಾಲ್ಕು ಹನಿ ಬಿಟ್ಟು ಬೇರು ಬಣ್ಣ ತಿರುಗುವುದನ್ನು ನೋಡುತ್ತ ಕೂರತೊಡಗಿದರು.

ಬಿಡಿಸುವ ದಿನಕ್ಕೆ ಇದ್ದಿಲಿನ ಚೂರು, ಹೆಂಚಿನ ತುಂಡು, ತೆಂಗಿನ ಸಿಪ್ಪೆಯ ಹೋಳು ಎಲ್ಲ ತಯಾರು. ಕತ್ತರಿಸಿದ ಗಾಯಕ್ಕೆ ಹಚ್ಚಲು ದಾಲ್ಚಿನ್ನಿ ಪುಡಿ. ಬೇರಿಗೆ ತಾಗಿಸಬಾರದು, ಒಣಗಿಸುತ್ತದೆ. ಆದರೆ ಮರಿ ಯಾರಿಗೆ? ಅತ್ತಿಗೆಯದು ಮೊದಲ ಹಕ್ಕು. ಮುಲಾಮು ಹಚ್ಚುವಾಗ ಪಕ್ಕದಲ್ಲಿ ನಿಂತವರು ತಾವೆಂದು ಚಿಕ್ಕಮ್ಮ. ಸೆಕ್ರೆಟರಿಯ ಹೆಂಡತಿ ನರ್ಸರಿಗೆ ಹೋಗಿ ಬಣ್ಣಬಣ್ಣದ ಎರಡು ಗಿಡ ಕೊಂಡು ಪಟ್ಟಿಯಿಂದ ಹೊರಬಿದ್ದಿದ್ದರು. 1960ರಲ್ಲಿ ಜಾರ್ಜ್ ಮೊರೆಲ್ ಎಂಬ ಫ್ರೆಂಚ್ ವಿಜ್ಞಾನಿ ಸಿಂಬಿಡಿಯಂ ಕುಡಿಯ ಚೂರಿನಿಂದ ಗಿಡ ಮಾಡುವ ದಾರಿ ತೋರಿಸಿದ ಮೇಲೆ ಪ್ರಯೋಗಾಲಯಗಳು ಆರ್ಕಿಡ್ ಮರಿಗಳನ್ನು ರಾಶಿರಾಶಿ ಹೆರುತ್ತಿವೆ, ಕೆಲವು ನೂರು ರೂಪಾಯಿಗೆ ಹೂ ಸಮೇತ ಸಿಗುತ್ತದೆ. ಅದನ್ನು ಅತ್ತಿಗೆಗೆ ಹೇಳಿ ನೋಡಿದೆ. “ಕೊಂಡ ಗಿಡ ಒಂದು ಗಿಡವನೇ?” ಎಂದರು.

ಈ ವ್ಯಾಜ್ಯ ಹರಿಯುವ ಮೊದಲೇ ಮರಿ ತನ್ನ ಪಾಡಿಗೆ ಒಂದು ಕೆಲಸ ಮಾಡಿತು. ಬಿಡಿಸಿ ನೆಟ್ಟ ಮರಿ ಹೂವಿಗೆ ಬರಲು ಎರಡು ಮೂರು ವರ್ಷ ಬೇಕು. ತಾಯಿಯ ಮೇಲೇ ಕೂತು ಉಣ್ಣುವ ಮರಿಗೆ ಅಷ್ಟು ತಾಳ್ಮೆ ಬೇಕಿಲ್ಲ. ಮೂರು ಎಲೆಯ ಆ ಪೋರ ಎಲೆಯ ಸಂದಿಯಿಂದ ತನ್ನದೇ ಒಂದು ಹೂದಂಟು ಹೊರಡಿಸಿತು. ಗೇಣುದ್ದದ ದಂಟು, ಅದರಲ್ಲೂ ಗಿಣ್ಣು! ಈಗ ಕತ್ತರಿಸಿದರೆ ಹೂ ಹೋದೀತೆಂದು ನಾನು ಬ್ಲೇಡು ಎತ್ತಿಟ್ಟೆ. ಅತ್ತಿಗೆ ಮರುಮಾತಾಡಲಿಲ್ಲ. ಮರುದಿನ ನೋಡಿದರೆ ಮರಿಯ ದಂಟಿನ ಕೆಳಗಿನ ಗಿಣ್ಣಿಗೆ ಒಂದು ಕೆಂಪು ದಾರ ಕಟ್ಟಿತ್ತು, ಮೊಮ್ಮರಿ ತಮಗೆಂದು ಗುರುತಿಗೆ. ಸಂಜೆಯ ಹೊತ್ತಿಗೆ ಅತ್ತೆ ಆ ದಾರ ಬಿಚ್ಚಿ, ಮೂರು ಗಿಣ್ಣು ಮೇಲಕ್ಕೆ ಕಟ್ಟುತ್ತಿದ್ದರು.

“ಇರಲಿ ಬಿಡು” ಎಂದರು. “ಅಲ್ಲಿ ಹೂವೇ ಬರುವುದು.”