ರಸಬಾಳೆ ಮಾರ್ಗ, ಗುಲಗಂಜಿ ನಿಲ್ದಾಣ

ಮೈಸೂರಿಗೆ ‘ಸಬರ್ಬನ್’ ಬಂದು ಬಹಳ ಕಾಲವಾಯಿತು. ಬಂದದ್ದು ಬಸ್ ಸ್ಟ್ಯಾಂಡಿನಲ್ಲೇ ಉಳಿದುಕೊಂಡಿತು. ನಂಜನಗೂಡಿನವರೋ ನರಸೀಪುರದವರೋ ಮೈಸೂರಿಗೆ ಹೋದಾಗ ‘ಎಲ್ಲಿದ್ದೀಯಾ’ ಅಂತ ಮನೆಯಿಂದ ಫೋನ್ ಬಂದರೆ ‘ಸಬರ್ಬನ್‌ನಲ್ಲಿದ್ದೀನಿ’ ಅನ್ನುತ್ತಾರೆ. ಗ್ರಾಮಾಂತರ ಬಸ್ ನಿಲ್ದಾಣ ಎಂಬ ಕನ್ನಡದ ಹೆಸರೂ ಅದಕ್ಕಿದೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಿಗೆ ಅದನ್ನು ಓದುವ ಪುರುಸೊತ್ತಿಲ್ಲ ಅಷ್ಟೆ. ಹೀಗಾಗಿ ಬೆಂಗಳೂರಿಗೆ ಸಬರ್ಬನ್ ರೈಲು ಅಂತ ಪೇಪರಿನಲ್ಲಿ ಬಂದ ದಿನ ಟಿ. ನರಸೀಪುರದ ನಮ್ಮ ಭಾವ ಫೋನ್ ಮಾಡಿ, “ಬಸ್ ಸ್ಟ್ಯಾಂಡ್ ಒಳಕ್ಕೇ ರೈಲು ಬುಡ್ತಾರಂತಲ್ಲಪ್ಪಾ?” ಅಂತ ಕೇಳಿದ್ದರು.

ಭಾವನವರ ಅನುಮಾನಕ್ಕೆ ಕಾರಣವಿದೆ. ಅವರ ಊರಿಗೆ ರೈಲಿಲ್ಲ. ನಮ್ಮ ನಂಜನಗೂಡಿಗೆ ಇದೆ. ಅಕ್ಕನನ್ನು ಕೊಟ್ಟಾಗಿನಿಂದ ಈ ಒಂದು ವಿಷಯದಲ್ಲಿ ಮಾತ್ರ ಹೆಣ್ಣಿನ ಕಡೆಯವರಾದ ನಾವು ತಲೆಯೆತ್ತಿ ಮಾತಾಡುತ್ತೇವೆ.

ಆ ತಲೆಯೆತ್ತುವಿಕೆಗೆ ಇತಿಹಾಸದ ಆಧಾರವೂ ಉಂಟು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲಕ್ಕೆ. ಸುಮಾರು 25 ಕಿಲೋಮೀಟರ್ ದಾರಿ. ರಾಜಧಾನಿಯಿಂದ ಹೊರಟು ಪಕ್ಕದ ಊರು ಮುಟ್ಟಿ, ಮತ್ತೆ ಹಿಂದಕ್ಕೆ ಬರುವ ರೈಲು. ಇವತ್ತು ಇದನ್ನೇ ಸಬರ್ಬನ್ ಅನ್ನುತ್ತಾರೆ. ಆಗ ಸಲಹಾ ಸಂಸ್ಥೆಗಳಿರಲಿಲ್ಲವಾದ್ದರಿಂದ ತಾವು ಹತ್ತಿದ್ದು ಸಬರ್ಬನ್ ಅಂತ ಯಾರಿಗೂ ತಿಳಿಯದೇ ಹೋಯಿತು. ನಂಜುಂಡನಿಗೆ ಮುಡಿ ಕೊಟ್ಟು, ಕಪಿಲೆಯಲ್ಲಿ ಮುಳುಗೆದ್ದು, ಹಲ್ಲುಪುಡಿ ಕಟ್ಟಿಸಿಕೊಂಡು, ರಸಬಾಳೆ ಗೊನೆ ಹೊತ್ತುಕೊಂಡು ಸುಮ್ಮನೆ ಮನೆಗೆ ಹೋದರು.

ಸೇತುವೆಯ ಕಥೆ ಇನ್ನೂ ಸೊಗಸು. ದಳವಾಯಿ ದೇವರಾಜಯ್ಯ ಕಪಿಲೆಗೆ ಇಟ್ಟಿಗೆ ಗಾರೆಯ ಸೇತುವೆ ಕಟ್ಟಿಸಿದ್ದು 1735ರಲ್ಲಿ. ರೈಲು ಎಂಬ ಪ್ರಾಣಿ ಆಗಿನ್ನೂ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಆದರೂ ಮುಂದೆ ಅದರ ಮೇಲೆ ಹಳಿ ಹಾಸಿ ಗಾಡಿ ಓಡಿಸಿದಾಗ ಸೇತುವೆ ತಕರಾರೆತ್ತದೆ ಹೊತ್ತುಕೊಂಡಿತು. ಮೀಟರ್ ಗೇಜ್ ಕಾಲ ಮುಗಿಯುವ ತನಕ ಹೊತ್ತುಕೊಂಡೇ ಇತ್ತು. ಈಗ ರೈಲಿಗಾಗಿಯೇ ಯೋಜನೆ ಬರೆದು, ರೈಲಿಗಾಗಿಯೇ ಕಂಪನಿ ತೆರೆದು, ರೈಲನ್ನು ಬಿಟ್ಟು ಉಳಿದದ್ದೆಲ್ಲ ತರುತ್ತಾರೆ. ದಳವಾಯಿಗೆ ಅಷ್ಟು ಬುದ್ಧಿ ಓಡಲಿಲ್ಲ.

1926ರಲ್ಲಿ ಹಳಿ ಚಾಮರಾಜನಗರಕ್ಕೂ ಮುಟ್ಟಿತು. ಆ ಊರಿಗೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ಎಷ್ಟೋ ಮುಖ್ಯಮಂತ್ರಿಗಳು ದೂರದಿಂದಲೇ ಕೈ ಮುಗಿದಿದ್ದಾರೆ. ರೈಲು ಮಾತ್ರ ದಿನಾ ಹೋಗಿ ದಿನಾ ಬರುತ್ತಿದೆ. ಅದಕ್ಕೆ ಕಳೆದುಕೊಳ್ಳಲು ಕುರ್ಚಿಯಿಲ್ಲ. ನಮಗೂ ಅದರಲ್ಲಿ ಕೆಲವು ಹೊತ್ತು ಕುರ್ಚಿಯಿಲ್ಲ.

ಬೆಂಗಳೂರಿನ ವೈಭವ ಬೇರೆಯೇ. ಅಲ್ಲಿ ಉಪನಗರ ರೈಲಿನ ಮಾತು ಶುರುವಾದದ್ದು 1983ರಲ್ಲಿ. ಆ ವರ್ಷ ಹುಟ್ಟಿದ ಕೂಸು ಬೆಳೆದು, ಓದಿ, ಐಟಿ ಕಂಪನಿ ಸೇರಿ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ತಲೆಗೂದಲು ನೆರೆಸಿಕೊಂಡಿತು. ನಾಗರಿಕರು ‘ಚುಕುಬುಕು ಬೇಕು’ ಅಂತ ಬೋರ್ಡು ಹಿಡಿದರು. 2018ರ ಕೇಂದ್ರ ಬಜೆಟ್‌ನಲ್ಲಿ 17,000 ಕೋಟಿಯ ಮಾತು ಬಂತು. 2020ರಲ್ಲಿ ಸಂಪುಟ ಒಪ್ಪುವ ಹೊತ್ತಿಗೆ ಅದು 15,767 ಕೋಟಿಯಾಗಿ, 148 ಕಿಲೋಮೀಟರ್ ಅಂತ ನಿಂತಿತು. 2022ರ ಜೂನ್ 20ರಂದು ಪ್ರಧಾನಿಯವರು ಬಂದು ಅಡಿಗಲ್ಲು ಹಾಕಿ, 40 ವರ್ಷ ಆಗದೇ ಉಳಿದದ್ದನ್ನು 40 ತಿಂಗಳಲ್ಲಿ ಮುಗಿಸುವುದಾಗಿ ಹೇಳಿದರು. ನಾನು ಬೆರಳೆಣಿಸಿ ನೋಡಿದೆ. 40 ತಿಂಗಳು ತುಂಬಿದ್ದು 2025ರ ಅಕ್ಟೋಬರಿಗೆ. ಇಡೀ ಯೋಜನೆಯಲ್ಲಿ ಹೇಳಿದ ದಿನಕ್ಕೆ ಸರಿಯಾಗಿ ಬಂದಿಳಿದದ್ದು ಆ ಅಕ್ಟೋಬರ್ ಒಂದೇ.

ಆದರೂ ಬೆಂಗಳೂರಿನವರಿಂದ ಕಲಿಯುವುದು ಬಹಳ ಇದೆ. ಮುಖ್ಯವಾಗಿ ಹೆಸರಿಡುವುದು. ಹಳಿ ಬೀಳುವ ಮೊದಲೇ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ನಾಮಕರಣವಾಯಿತು. ಮಗು ಬರಲಿ ಬಿಡಲಿ, ತೊಟ್ಟಿಲ ತುಂಬ ಹೂವು. ನಮ್ಮ ಹೊಟ್ಟೆ ಉರಿದದ್ದು ಮಲ್ಲಿಗೆಗೆ. ಮೈಸೂರು ಮಲ್ಲಿಗೆಗೆ ಭೌಗೋಳಿಕ ಸೂಚಿಕೆ ನಮ್ಮ ಹೆಸರಿನಲ್ಲಿದೆ. ರೈಲಿನ ಹೂವು ಮಾತ್ರ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಹೋಗಬೇಕಂತೆ.

ಮೈಸೂರನ್ನು ಮರೆತೇಬಿಟ್ಟರು ಅನ್ನುವಂತಿಲ್ಲ. ಬೆಂಗಳೂರಿನಲ್ಲಿ ಅಡಿಗಲ್ಲು ಹಾಕಿದ ದಿನವೇ ಸಂಜೆ ಪ್ರಧಾನಿಯವರು ಮೈಸೂರಿನ ಮಹಾರಾಜ ಕಾಲೇಜು ಮೈದಾನದಿಂದ ನಾಗನಹಳ್ಳಿಗೂ ಒಂದು ಅಡಿಗಲ್ಲು ಹಾಕಿದರು. ಉಪನಗರ ಸಂಚಾರಕ್ಕೆಂದೇ ಕೋಚಿಂಗ್ ಸಂಕೀರ್ಣ, ಮೆಮು ಶೆಡ್ಡು, 480 ಕೋಟಿಗೂ ಹೆಚ್ಚು. ನಮ್ಮ ಕ್ರಮವೇ ಹಾಗೆ. ಮೊದಲು ಕೊಟ್ಟಿಗೆಗೆ ಪೂಜೆ, ಹಸುವಿನ ಮಾತು ಆಮೇಲೆ.

ಹಸು ಬಂದರೆ ಹೆಸರಿಗೆ ಪರದಾಡಬಾರದೆಂದು ನಾನೇ ಎರಡು ಗೊತ್ತು ಮಾಡಿಟ್ಟಿದ್ದೇನೆ. ಮೈಸೂರು–ನಂಜನಗೂಡು ನಡುವಿನದು ರಸಬಾಳೆ ಮಾರ್ಗ. ಎಷ್ಟು ಹೊಂದುತ್ತದೆ ನೋಡಿ: ನಂಜನಗೂಡು ರಸಬಾಳೆಗೂ ಭೌಗೋಳಿಕ ಸೂಚಿಕೆ ಇದೆ, ಸರ್ಟಿಫಿಕೇಟ್ ಇದೆ, ಕೀರ್ತಿ ಇದೆ. ಹಣ್ಣು ಸಿಗುವುದು ಕಷ್ಟ. ಪನಾಮ ಸೊರಗು ರೋಗ ತೋಟಗಳನ್ನು ತಿಂದುಹಾಕಿತು. ಹೆಸರು ಉಳಿದು ಗೊನೆ ಮಾಯವಾಗುವ ವಿದ್ಯೆಯಲ್ಲಿ ನಮ್ಮ ಬಾಳೆ ರೈಲ್ವೆ ಯೋಜನೆಗಳಿಗಿಂತ ಹಿರಿಯದು.

ನಿಜಕ್ಕೂ ಈ ದಾರಿಗೆ ಬೇಕಾದದ್ದು ಬಹಳ ಸಣ್ಣದು, ತೊಂದರೆ ಇರುವುದೂ ಅಲ್ಲೇ. ಹಳಿ ಇದೆ. ಅಶೋಕಪುರಂ ಇದೆ, ಅಲ್ಲಿ ಬೋಗಿಗಳನ್ನು ಬಿಚ್ಚಿ ಜೋಡಿಸುವ ವರ್ಕ್‌ಶಾಪೇ ಇದೆ. ಕಡಕೊಳ, ತಾಂಡವಪುರ, ನಂಜನಗೂಡು, ಈ ಉದ್ದಕ್ಕೂ ಕಾರ್ಖಾನೆಗಳ ಸಾಲು. ಕಾಫಿಪುಡಿ, ಬಣ್ಣ, ಬೈಕು, ಔಷಧಿ ಏನು ಬೇಕೋ ಅದು. ಮೂರು ಪಾಳಿ. ಪಾಳಿ ಬದಲಾಗುವ ಹೊತ್ತಿಗೆ ನಾಲ್ಕು ಮೆಮು ಹೆಚ್ಚಿಗೆ ಬಿಟ್ಟು, ಒಂಟಿ ಹಳಿಯಲ್ಲಿ ಎದುರು ಗಾಡಿಗೆ ದಾರಿ ಬಿಡುವ ಜಾಗವನ್ನು ಸರಿಮಾಡಿ, ಸ್ಟೇಷನ್ನಿನಿಂದ ಕಾರ್ಖಾನೆ ಗೇಟಿಗೆ ಒಂದು ಮಿನಿ ಬಸ್ ನಿಲ್ಲಿಸಿದರೆ ಅರ್ಧ ಹೆದ್ದಾರಿ ಖಾಲಿ. ಆದರೆ ಯೋಚಿಸಿ. ವೇಳಾಪಟ್ಟಿಗೆ ಅಡಿಗಲ್ಲು ಹಾಕುವುದು ಎಲ್ಲಿ? ‘ಬೆಳಿಗ್ಗೆ ಎಂಟೂಕಾಲಿನ ಗಾಡಿ’ ಎಂಬುದಕ್ಕೆ ಗುದ್ದಲಿ ಪೂಜೆ ಹೇಗೆ ಮಾಡಬೇಕು, ತೆಂಗಿನಕಾಯಿ ಎಲ್ಲಿ ಒಡೆಯಬೇಕು, ಯಾರ ಫೋಟೊ ಎಷ್ಟು ದೊಡ್ಡದು ಹಾಕಬೇಕು? ಫ್ಲೆಕ್ಸ್ ಕಟ್ಟಲಾಗದ ಅಭಿವೃದ್ಧಿಗೆ ನಮ್ಮಲ್ಲಿ ವಾರಸುದಾರರಿಲ್ಲ. ಕಡಕೊಳದಲ್ಲಿ ಕಂಟೇನರ್‌ಗಳಿಗೆ ರೈಲಿನ ಡಿಪೊ ಆಗಿದೆ. ಪೆಟ್ಟಿಗೆಯೊಳಗಿನ ಸರಕು ಕಾಲು ಚಾಚಿಕೊಂಡು ಹೋಗುತ್ತದೆ. ಆ ಸರಕು ಮಾಡಿದವನು ಫುಟ್‌ಬೋರ್ಡಿನ ಮೇಲೆ ಒಂಟಿ ಕಾಲಿನಲ್ಲಿ ಹೋಗುತ್ತಾನೆ.

ನಂಜನಗೂಡಿನ ಮೇಲೆ ದೊಡ್ಡವರ ಕಣ್ಣಿಲ್ಲವೆಂದಲ್ಲ. ಕೇರಳದವರಂತೂ ನಿಲಂಬೂರಿನಿಂದ ವಯನಾಡಿನ ಮೇಲೆ ಹಾದು ನಂಜನಗೂಡಿಗೆ ಬರಬೇಕೆಂದು ಎಷ್ಟು ಸಲ ಸರ್ವೆ ಮಾಡಿಸಿದರೋ. ನಡುವೆ ಬಂಡೀಪುರದ ಆನೆಗಳು ಅಡ್ಡ ನಿಂತಿವೆ. ಅತ್ತ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ 142 ಕಿಲೋಮೀಟರ್ ಹಳಿಗೆ 1996–97ರಲ್ಲೇ ಮಂಜೂರಾತಿ ಸಿಕ್ಕಿದೆ. ಅಲ್ಲಿ ಆನೆಗಳ ಅಡ್ಡಿ ಇಷ್ಟಿಲ್ಲ. ಫೈಲೇ ಆನೆ ನಡಿಗೆ ಕಲಿತುಕೊಂಡಿದೆ.

ಇನ್ನು ಟಿ. ನರಸೀಪುರ. ಇಲ್ಲಿಗೆ ಗುಲಗಂಜಿ ನಿಲ್ದಾಣ ಎಂಬ ಹೆಸರು ಮೀಸಲಿಟ್ಟಿದ್ದೇನೆ. ಅಲ್ಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಜನರ ನಂಬಿಕೆ. ಕಾವೇರಿ, ಕಪಿಲೆ ಕೂಡುತ್ತವೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ತ್ರಿವೇಣಿ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ. ತಾಲ್ಲೂಕಿನಲ್ಲಿ ತಲಕಾಡು ಇದೆ, ಸೋಮನಾಥಪುರ ಇದೆ. ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿಗೂ ಏರಿತು. ಪ್ರಪಂಚದ ಭೂಪಟಕ್ಕೆ ಹೋದ ಊರಿಗೆ ರೈಲ್ವೆ ಭೂಪಟದಲ್ಲಿ ಒಂದು ಚುಕ್ಕಿಯಿಲ್ಲ. ಎರಡು ಸಲ ಮುಖ್ಯಮಂತ್ರಿಯಾದವರ ವರುಣ ಕ್ಷೇತ್ರದಲ್ಲಿ ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನ ಹಳ್ಳಿಗಳಿವೆ. ಮತದಾರರ ಪಟ್ಟಿ ಸಲೀಸಾಗಿ ಜೋಡಿಸಿದ್ದನ್ನು ಹಳಿ ಜೋಡಿಸಿಲ್ಲ. ಕೇಳಿದರೆ ರಾಜ್ಯದವರು ರೈಲು ಕೇಂದ್ರದ್ದು ಅನ್ನುತ್ತಾರೆ, ಕೇಂದ್ರದವರು ಜಾಗ ರಾಜ್ಯದ್ದು ಅನ್ನುತ್ತಾರೆ. ಕಾಣದ ಸರೋವರವಾದರೂ ಸಂಗಮಕ್ಕೆ ಬಂದು ಸೇರುತ್ತದೆ.

“ನಂಜನಗೂಡಿಂದ ನಮ್ಮೂರಿಗೆ ಸಬರ್ಬನ್ ಐತೆ ಕಣಪ್ಪ,” ಅಂದರು ಭಾವ ಒಮ್ಮೆ. ಎಲ್ಲಿ ಅಂದೆ. “ಕಪಿಲೆ. ನಿಮ್ಮ ದೇವಸ್ಥಾನದ ಮುಂದೆ ಹತ್ತಿದ್ದು ನಮ್ಮ ದೇವಸ್ಥಾನದ ಮುಂದೆ ಇಳೀತದೆ. ಡಿಪಿಆರ್ ಇಲ್ಲ, ಟೆಂಡರ್ ಇಲ್ಲ. ಒಂದೇ ತಾಪತ್ರಯ, ವಾಪಸು ಗಾಡಿ ಇಲ್ಲ.”

ಮೊನ್ನೆ ದೊಡ್ಡ ಜಾತ್ರೆಗೆ ಭಾವ ಬಂದಿದ್ದರು. ತೇರು ನೋಡಿ, ಊಟ ಮುಗಿಸಿ ಹೊರಟವರಿಗೆ ನಾನು ಗತ್ತಿನಿಂದ, “ಬಸ್ಸಲ್ಲಿ ಯಾಕೆ ಒದ್ದಾಡ್ತೀರಿ ಭಾವ, ನಮ್ಮ ರೈಲಲ್ಲಿ ಹೋಗಿ” ಅಂದೆ. ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ಟಿಕೆಟ್ಟು ತೆಗೆಸಿ, ಕಿಟಕಿ ಪಕ್ಕ ಕೂರಿಸಿದೆ. ಗಾಡಿ ಹೊರಟಾಗ ಅವರು ಕೈಬೀಸಿದ ರೀತಿ ನೋಡಿದರೆ ಟೇಪು ಕತ್ತರಿಸಿ ಹೊರಟ ಮಂತ್ರಿಯಂತಿತ್ತು. ಮೈಸೂರಿನಲ್ಲಿ ಇಳಿದು, ನರಸೀಪುರದ ಕಡೆ ತಿರುಗಬೇಕು.

ರಾತ್ರಿ ಎಂಟಕ್ಕೆ ಫೋನ್ ಮಾಡಿದೆ. ಹಿಂದೆ ಜೋರು ಗದ್ದಲ.

“ಎಲ್ಲಿದ್ದೀರಿ ಭಾವ?”

“ಸಬರ್ಬನ್‌ನಲ್ಲಿ.”

“ಸೀಟು ಸಿಕ್ತಾ?”

“ಇನ್ನೂ ಬಸ್ಸೇ ಬಂದಿಲ್ಲ. ಟವೆಲ್ ಕೈಯಲ್ಲೇ ಐತೆ.”