ಗಾಡಿ ಶೆಡ್ಡಲ್ಲಿದೆ

ಹಳೇ ಕಾರು ಇಟ್ಟುಕೊಂಡವರನ್ನು "ಗಾಡಿ ಹೇಗಿದೆ?" ಅಂತ ಕೇಳಿ ನೋಡಿ. "ಶೆಡ್ಡಲ್ಲಿದೆ" ಅನ್ನುತ್ತಾರೆ. ಮಗ ಅಮೆರಿಕದಲ್ಲಿದ್ದಾನೆ ಅನ್ನುವ ಅಪ್ಪಂದಿರ ಧಾಟಿಯೇ ಅದು. ಯಾವಾಗ ಬರುತ್ತದೆ ಅಂತ ಮಾತ್ರ ಕೇಳಬಾರದು.

ನಮ್ಮ ಭಾವನ ಹತ್ತಿರ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಗೇರು ಸ್ಟಿಯರಿಂಗಿನ ಪಕ್ಕ, ಚೋಕು ಕೈಗೆಟುಕುವಲ್ಲಿ, ಭಾವನ ಜೀವವೂ ಅಲ್ಲೇ ಎಲ್ಲೋ. ಮದುವೆ ಛತ್ರವೊಂದರಲ್ಲಿ ಕಾರು ನಿಲ್ಲಿಸಿ ಬರುತ್ತೇನೆಂದು ಕೀ ಈಸಿಕೊಂಡ ಹುಡುಗ, ಎರಡು ಸೀಟಿನ ನಡುವೆ ತಡಕಾಡಿ, "ಸಾರ್, ಯಾರೋ ಗೇರ್ ಕಿತ್ಕೊಂಡು ಹೋಗಿದಾರೆ" ಅಂತ ಓಡಿ ಬಂದಿದ್ದ.

ಇಂಥ ಗಾಡಿಯನ್ನು ಭಾವ ಒಮ್ಮೆ ಹೊಳೆಹೊಳೆಯುವ ಸರ್ವಿಸ್ ಸೆಂಟರಿಗೆ ಕೊಂಡೊಯ್ದರು. ಇಸ್ತ್ರಿ ಮಾಡಿದ ಸಮವಸ್ತ್ರದ ಹುಡುಗ ಸ್ಕ್ಯಾನರ್ ಚುಚ್ಚಲು ಡ್ಯಾಶ್‌ಬೋರ್ಡಿನ ಕೆಳಗೆ ತೂತು ಹುಡುಕಿದ. ತೂತುಗಳೇನೋ ಬೇಕಾದಷ್ಟಿದ್ದವು, ಎಲ್ಲ ತುಕ್ಕು ತಿಂದವು. "ಇದರ ಕಂಪ್ಯೂಟರ್ ಎಲ್ಲಿದೆ ಸಾರ್?" ಅಂದ. ಭಾವ ತಮ್ಮ ಹಣೆ ಮುಟ್ಟಿ ತೋರಿಸಿದರು.

ಆ ಹುಡುಗನದೇನೂ ತಪ್ಪಿಲ್ಲ ಬಿಡಿ. ಪದ್ಮಿನಿ ತಯಾರಿ ನಿಂತು ಕಾಲು ಶತಮಾನವಾಗುತ್ತಾ ಬಂತು. ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿ ನಿಂತಿದ್ದು 2014ರಲ್ಲಿ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 2023ರ ಅಕ್ಟೋಬರಿನಲ್ಲಿ ಇಪ್ಪತ್ತು ವರ್ಷ ತುಂಬಿ ಅದೂ ರಸ್ತೆ ಬಿಟ್ಟಿತು. ಟ್ಯಾಕ್ಸಿ ಓಡುತ್ತಿದ್ದಷ್ಟು ದಿನ ಬಿಡಿಭಾಗಕ್ಕೆ ಅಂಗಡಿ ಇತ್ತು, ಅಂಗಡಿ ಇದ್ದಷ್ಟು ದಿನ ಕೈಕೆಲಸ ಬಲ್ಲವನಿಗೆ ಅನ್ನ ಇತ್ತು. ಈಗ ಗ್ಯಾರೇಜಿಗೆ ಸೇರುವ ಹುಡುಗ ಕಾರ್ಬೊರೇಟರನ್ನು ಹಳೇ ಸ್ಕೂಟರಿನಲ್ಲಿ ನೋಡಿದ್ದರೆ ಅದೇ ಪುಣ್ಯ.

ಹಾಗಾದರೆ ಮೇಸ್ತ್ರಿಯನ್ನು ಹುಡುಕುವುದು ಹೇಗೆ? ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ವಿಚಾರಿಸಬಹುದು. ಹಳೇ ಗಾಡಿಯ ಇನ್ನೊಬ್ಬ ಮಾಲೀಕರನ್ನು ಕೇಳಿ ಪ್ರಯೋಜನವಿಲ್ಲ. ಕಿಡ್ನಿ ಬೇಕಾದರೆ ಕೊಟ್ಟಾರು, ಮೇಸ್ತ್ರಿಯ ಫೋನ್ ನಂಬರ್ ಕೊಡಲಾರರು. ಕೊಟ್ಟರೆ ನಾಳೆ ನಿಮ್ಮ ಗಾಡಿ ಒಳಗೆ, ಅವರದ್ದು ಹೊರಗೆ ಬೇವಿನ ಮರದ ಕೆಳಗೆ.

ಸಿಕ್ಕ ಮೇಸ್ತ್ರಿ ಅಸಲಿಯೋ ಅಲ್ಲವೋ ಅಂತ ತಿಳಿಯುವುದು ಸುಲಭ. ಬಾನೆಟ್ ಎತ್ತಿದ ಕೂಡಲೇ ಅಸಲಿ ಮೇಸ್ತ್ರಿ ನಿಟ್ಟುಸಿರು ಬಿಟ್ಟು, "ಯಾರ್ ಸಾರ್ ಇದಕ್ಕೆ ಕೈ ಹಾಕಿದ್ದು?" ಅನ್ನಲೇಬೇಕು. ಹೋದ ಸಲ ಕೈ ಹಾಕಿದವರು ಅವರೇ ಆಗಿದ್ದರೂ ಸರಿ.

ಭಾವನಿಗೆ ಕಡೆಗೂ ಒಬ್ಬರು ಸಿಕ್ಕರು. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡ ಹಿರಿಯರು. ಗಾಡಿ ಮಿಸ್ ಹೊಡೀತಿದೆ ಅಂದದ್ದಕ್ಕೆ ಎದ್ದೂ ಬರಲಿಲ್ಲ. ಕೂತಲ್ಲಿಂದಲೇ, "ಸ್ಟಾರ್ಟ್ ಮಾಡಿ. ರೇಸ್ ಕೊಡಿ. ಬಿಡಿ. ಪಾಯಿಂಟ್ ಹೋಗಿದೆ" ಅಂದರು. ಆಮೇಲೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಕಾಂಟ್ಯಾಕ್ಟ್ ಪಾಯಿಂಟಿನ ಒಂದು ಮುಖದಲ್ಲಿ ಕುಳಿ, ಎದುರಿನದ್ದರಲ್ಲಿ ಅಷ್ಟೇ ಗಾತ್ರದ ಮೊಳಕೆ. ಎಮರಿ ಕಾಗದದಲ್ಲಿ ಎರಡನ್ನೂ ಉಜ್ಜಿ, ಇಂಜಿನ್ ಸ್ವಲ್ಪ ತಿರುಗಿಸಿ ಪಾಯಿಂಟು ಪೂರ್ತಿ ಬಾಯಿ ಬಿಡುವ ಜಾಗಕ್ಕೆ ತಂದು, ಜೇಬಿನಿಂದ ಒಂದು ವಿಸಿಟಿಂಗ್ ಕಾರ್ಡ್ ತೆಗೆದು ನಡುವೆ ತೂರಿಸಿ ಸ್ಕ್ರೂ ಬಿಗಿದರು. ಅಲ್ಲಿ ಬೇಕಾದ ಸಂದು ಸುಮಾರು 0.4 ಮಿಲಿಮೀಟರ್, ಅಳೆಯಲು ಫೀಲರ್ ಗೇಜ್ ಅಂತ ಬೇರೆಯೇ ಸಲಕರಣೆ ಇದೆ. ಕಾರ್ಡಿನ ಮೇಲೆ ಯಾರೋ ಸಾಫ್ಟ್‌ವೇರ್ ಕಂಪನಿಯ ಹಿರಿಯ ಉಪಾಧ್ಯಕ್ಷರ ಹೆಸರಿತ್ತು. ಅವರಿಂದ ಲೋಕಕ್ಕೆ ಅಷ್ಟಾದರೂ ಉಪಕಾರವಾಯಿತು.

ಇಂಜಿನ್ ಮೇಸ್ತ್ರಿ ಹೇಗೋ ಸಿಗುತ್ತಾರೆ ಸ್ವಾಮಿ, ನಿಜವಾದ ಬರ ಇರುವುದು ಟಿಂಕರಿಂಗಿನವರದು. ಬಾಗಿಲಿನ ಕೆಳಗೆ ತುಕ್ಕು ತಿಂದ ಅಂಗೈಯಗಲದ ಜಾಗವನ್ನು ಕತ್ತರಿಸಿ, ಅಷ್ಟೇ ಅಳತೆಯ ತಗಡನ್ನು ಸುತ್ತಿಗೆಯಲ್ಲಿ ಬಡಿದು ಬಡಿದು ಅದೇ ಉಬ್ಬು ತರಿಸಿ ಬೆಸೆಯುವವರು ಈಗ ಎಲ್ಲಿದ್ದಾರೆ? ಹೊಸ ಗಾಡಿಗಾದರೆ ಬಾಗಿಲನ್ನೇ ಬದಲಿಸಿ ಇನ್ಶೂರೆನ್ಸಿಗೆ ಬಿಲ್ಲು ಕಳಿಸುತ್ತಾರೆ. ಪದ್ಮಿನಿಗೆ ಹೊಸ ಬಾಗಿಲು ಎಲ್ಲಿಂದ ತರುವುದು? ಹಾಗಾಗಿ ಸೋಮಾರಿ ಕೈಗಳು ಪಟ್ಟಿ ಮೆತ್ತುತ್ತವೆ. ಮೇಲೆ ಬಣ್ಣ ಬಿದ್ದರೆ ಮದುಮಗಳ ಕಳೆ. ಒಂದು ಮಳೆಗಾಲ ಕಳೆಯಲಿ, ಮುಖದ ಬಣ್ಣ ಹಪ್ಪಳದಂತೆ ಏಳುತ್ತದೆ.

ನಮ್ಮ ಮೇಸ್ತ್ರಿಗಳಿಗೆ ಇತ್ತೀಚೆಗೆ ಪೆಟ್ರೋಲಿನ ಮೇಲೂ ಮುನಿಸು. ಬಂಕಿನಲ್ಲಿ ಈಗ ಸಿಗುವುದರಲ್ಲಿ ಶೇ. 20 ಎಥನಾಲ್, ಹಳೇ ಕಾಲದ ರಬ್ಬರ್ ಪೈಪು, ವಾಷರುಗಳಿಗೆ ಅದು ಒಗ್ಗುವುದಿಲ್ಲ. "ಗಾಡಿಗೂ ಕುಡಿಸ್ತಾವ್ರೆ ಸಾರ್" ಅನ್ನುತ್ತಾ, ಘಾಟಿ ಹತ್ತುವಾಗ ಪೆಟ್ರೋಲು ಇಂಜಿನ್ನಿನ ಪಂಪಿನಲ್ಲೇ ಆವಿಯಾಗಿ ಫಿಯಟ್ ನಿಂತಾಗ ಒದ್ದೆ ಬಟ್ಟೆ ಹೊದಿಸಿ ಅದನ್ನು ಸಮಾಧಾನ ಮಾಡುತ್ತಿದ್ದ ಕಾಲದ ಕಥೆ ಶುರು ಮಾಡುತ್ತಾರೆ. ಭಾವ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಅಲ್ಲಿಗೆ ಭಾನುವಾರ ಮುಗಿಯಿತು. ಗಾಡಿ ರಿಪೇರಿಯಾಗಿಬಿಟ್ಟರೆ ಈ ಮನುಷ್ಯ ಎಲ್ಲಿಗೆ ಹೋಗಬೇಕು ಅನ್ನುವುದೇ ನನ್ನ ಚಿಂತೆ.

ಮೊನ್ನೆ ಭಾವ ಹೊಸ ಹುರುಪಿನಲ್ಲಿ ಬಂದರು. ಪದ್ಮಿನಿಗೆ ಐವತ್ತು ದಾಟಿತಂತೆ. ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ನಿಯಮದ ಪ್ರಕಾರ ಐವತ್ತು ಮೀರಿದ, ಚಾಸಿ, ಬಾಡಿ, ಇಂಜಿನ್ ಹೆಚ್ಚು ಬದಲಾಗದ ಖಾಸಗಿ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಿನಲ್ಲಿ 'ವಿಎ' ಅನ್ನುವ ಅಕ್ಷರಗಳು ಸೇರುತ್ತವೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಅಕ್ಕ ಚಪಾತಿ ಲಟ್ಟಿಸುತ್ತಲೇ, "ಆಮೇಲೆ ದಿನಾ ಓಡಿಸಬಹುದಾ?" ಅಂದಳು.

"ಇಲ್ಲ ಕಣೇ. ದಿನದ ಓಡಾಟಕ್ಕೆ ತೆಗೆಯೋ ಹಾಗಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ, ಅಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು."

ಅಕ್ಕ ಲಟ್ಟಣಿಗೆ ನಿಲ್ಲಿಸಿದಳು. "ಇಷ್ಟು ವರ್ಷದಿಂದ ಬಿಟ್ಟಿಯಾಗಿ ಅದನ್ನೇ ತಾನೆ ಮಾಡ್ತಿರೋದು? ಇನ್ನು ಅದಕ್ಕೂ ಇಪ್ಪತ್ತು ಸಾವಿರಾನಾ?"